ಹುಣಸೆಹಣ್ಣಿನಲ್ಲಿ ತೊಳೆದ ಡಾಲರ್

ಮೊನ್ನೆ ಶುಕ್ರವಾರ ಬೆಳ್ಳಿಯ ಕುಂಕುಮದ ಬಟ್ಟಲು ತೊಳೆಯಲೆಂದು ಹುಣಸೆಹಣ್ಣನ್ನು ಬಿಸಿನೀರಿಗೆ ಹಾಕಿಟ್ಟಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಬಂದು ಕಿವುಚಿ, ಬಟ್ಟಲಿಗೆ ಹಚ್ಚಿದಾಗ ಆ ವಾಸನೆ ಎದ್ದಿತು. ಬರೀ ಹುಳಿಯದ್ದಲ್ಲ, ಹುಳಿ ಬೆಳ್ಳಿಗೆ ತಾಕಿದಾಗ ಏಳುವ ಇನ್ನೊಂದು ವಾಸನೆ... ಒದ್ದೆ ಸ್ಲೇಟಿನ ಹಾಗೆ. ಕೈ ಅಲ್ಲೇ ನಿಂತಿತು. ಮೆಲ್ಬರ್ನಿನ ಕ್ರಾನ್‌ಬರ್ನ್‌ನ ನನ್ನ ಅಡುಗೆಮನೆಯಲ್ಲಿದ್ದವಳು ಸಿಡ್ನಿಯ ಎಪ್ಪಿಂಗ್‌ನ ಇನ್ನೊಂದು ಸಿಂಕಿನ ಮುಂದೆ ಹೋಗಿ ನಿಂತಿದ್ದೆ. ಆಮೇಲೆ ನಗು ಬಂತು.

ಅದು ಎರಡು ಸಾವಿರದ ನಾಲ್ಕನೇ ಇಸವಿ. ನಾನು ಸಿಡ್ನಿಯಲ್ಲಿ ಗಣಿತದ ಟೀಚರ್ ಆಗಲು ಮಾಸ್ಟರ್ಸ್ ಓದುತ್ತಿದ್ದೆ. ನಮ್ಮ ಮನೆತನದಲ್ಲಿ ಹೆಸರಿನ ಮುಂದೆ ಡಿಗ್ರಿ ಬರೆದುಕೊಂಡ ಮೊದಲಿಗಳು ನಾನು. ಗದಗಿನ ಸರ್ಕಾರಿ ಶಾಲೆ, ಧಾರವಾಡದ ಹಾಸ್ಟೆಲ್, ಬೆಂಗಳೂರಿನಲ್ಲಿ ನಾಲ್ಕು ವರ್ಷ ಟ್ಯೂಷನ್ ಹೇಳಿದ್ದು, ಆಮೇಲೆ ವಿಮಾನ. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಬಿಟ್ಟಿ ಸಿಕ್ಕಿದ್ದಲ್ಲ.

ಎಪ್ಪಿಂಗ್‌ನಲ್ಲಿ ನನಗೆ ರೂಮು ಕೊಟ್ಟವರು ಮೈಸೂರಿನ ಒಬ್ಬ ನಿವೃತ್ತ ಹಲ್ಲಿನ ಡಾಕ್ಟರು ಮತ್ತು ಅವರ ಹೆಂಡತಿ. ಎಲ್ಲರ ಹಾಗೆ ನಾನೂ ಅಂಕಲ್, ಆಂಟಿ ಅಂತಲೇ ಕರೆದೆ. ಸ್ಟೇಷನ್ನಿಗೆ ಐದು ನಿಮಿಷದ ದಾರಿಯ ಅಪಾರ್ಟ್‌ಮೆಂಟು, ಮೂರನೇ ಮಹಡಿ. ರೆಂಟ್ ಹೆಚ್ಚಿರಲಿಲ್ಲ. ಅದಕ್ಕೊಂದು ಕಾರಣವಿತ್ತು. ಅಂಕಲ್ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ನಿಗೆ ಸರದಿ ಕಾಯುತ್ತಿದ್ದರು. ದಿನಾ ಸಂಜೆ ಒಂದು ಗಂಟೆ ಹೊತ್ತು ನಾನು ಅವರ ಕಣ್ಣಾಗಬೇಕಿತ್ತು.

ಪೇಪರ್ ಓದಿಸುತ್ತಾರೆ ಅಂದುಕೊಂಡಿದ್ದೆ. ಮೊದಲ ಸಂಜೆ ಅವರು ಬೀರುವಿನಿಂದ ತೆಗೆದದ್ದು ಒಂದು ಮರದ ಪೆಟ್ಟಿಗೆ. ಒಳಗೆ ಒಂದೊಂದೂ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂತ ಅಮೆರಿಕದ ಹಳೆಯ ನಾಣ್ಯಗಳು. ತರುಣರಿದ್ದಾಗ ಟ್ರೇನಿಂಗಿಗೆ ಅಮೆರಿಕಕ್ಕೆ ಹೋಗಿದ್ದರಂತೆ. ಹಲ್ಲಿಗೆ ಚಿನ್ನ ಕೂರಿಸುವುದನ್ನು ಕಲಿಯಲು ಹೋದವರಿಗೆ ಅಲ್ಲಿ ಈ ಹುಚ್ಚು ಹತ್ತಿತ್ತು.

ಅವರು ನಾಣ್ಯ ನೋಡುತ್ತಿದ್ದದ್ದೂ ಹಲ್ಲು ನೋಡುವ ಹಾಗೆಯೇ. ಭೂತಗನ್ನಡಿ, ಸಣ್ಣ ಕನ್ನಡಿ, ಮೊನೆ ಬಾಗಿದ ಕಡ್ಡಿ, ಎಲ್ಲವೂ ಹಳೆಯ ಕ್ಲಿನಿಕ್ಕಿನವು. ಈಗ ಕಾಣುತ್ತಿರಲಿಲ್ಲವಾದ್ದರಿಂದ ಒಂದೊಂದನ್ನೇ ನನ್ನ ಮುಂದೆ ಹಿಡಿದು, ಇಸವಿ ಓದು, ಕೂದಲಿನ ಎಳೆ ಎಣಿಸು, ಕೆನ್ನೆಯ ಮೇಲೆ ಗೀರು ಇದೆಯಾ ನೋಡು ಅನ್ನುತ್ತಿದ್ದರು. ನಾನು ಹೇಳಿದ್ದನ್ನು ಕಣ್ಣು ಮುಚ್ಚಿ ಕೇಳುವರು. "ಹುಳುಕಿಲ್ಲ ಹಾಗಾದ್ರೆ" ಎಂದು ತಲೆಯಾಡಿಸುವರು.

ಬೆಳ್ಳಿ ಡಾಲರುಗಳ ಮೇಲೆ ಕಿರೀಟದಂಥ ಪಟ್ಟಿ ಕಟ್ಟಿಕೊಂಡ ಒಬ್ಬ ಹೆಂಗಸಿನ ಮುಖವಿತ್ತು. ಅಮೆರಿಕದವರ ಸ್ವಾತಂತ್ರ್ಯದೇವಿ ಅವಳು. ಆ ಮುಖಕ್ಕೆ ಕೂತು ರೂಪ ಕೊಟ್ಟವಳು ಯಾವ ರಾಣಿಯೂ ಅಲ್ಲ, ಒಬ್ಬ ಸ್ಕೂಲ್ ಟೀಚರ್ ಅಂತ ಅಂಕಲ್ ಹೇಳಿದಾಗ ನಾನು ನಂಬಲಿಲ್ಲ. ಗುರುತು ಗೊತ್ತಾದ ಮೇಲೆ ನಾಟಕಕ್ಕೆ ಬಾ ಅಂತ ಕರೆದರೂ ಹೋಗದೆ, ಪಾಠ ಹೇಳುತ್ತಲೇ ಉಳಿದಳಂತೆ. "ನಿನ್ನ ಜಾತಿಯವಳು" ಅಂದರು. ಟೀಚರುಗಳ ಜಾತಿ ಎಂದು ಅವರ ಅರ್ಥ. ನನಗೆ ಮಾತ್ರ ಒಂದು ಕ್ಷಣ ಮೈ ಬಿಗಿಯಾಯಿತು. ಯಾಕೆಂದರೆ ನಮ್ಮಪ್ಪನದು ಏನು ಕೆಲಸ ಎಂದು ಆಂಟಿ ಕೇಳಿದಾಗ ನಾನು "ಪಾತ್ರೆ ವ್ಯಾಪಾರ" ಎಂದಿದ್ದೆ.

ನಮ್ಮಪ್ಪ ಕಲಾಯಿ ಹಾಕುತ್ತಿದ್ದ. ತಿದಿ, ಇದ್ದಲು, ತವರದ ಕಡ್ಡಿ, ನವಸಾಗರ ಹೊತ್ತು ಬೆಟಗೇರಿಯ ಓಣಿ ಓಣಿ ತಿರುಗಿ, ಜನರ ಹಿತ್ತಾಳೆ ಪಾತ್ರೆಗಳ ಒಳಮೈಗೆ ಬೆಳ್ಳಗೆ ತವರ ಬಳಿಯುವ ಕೆಲಸ. ಅವನ ಅಂಗಿಯ ಹೊಗೆ ವಾಸನೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಕಲಾಯಿಗೆ ಮೊದಲು ಪಾತ್ರೆ ತಿಕ್ಕಿ ಕೊಡುವ ಕೆಲಸ ನನ್ನದು. ಹುಣಸೆಹಣ್ಣು, ಬೂದಿ, ಉಪ್ಪು. ಯಾವ ಲೋಹಕ್ಕೆ ಎಷ್ಟು ಎಂಬುದು ನನ್ನ ಕೈಗೆ ಲೆಕ್ಕಕ್ಕಿಂತ ಮೊದಲೇ ಬಂದ ವಿದ್ಯೆ. ಮೈಸೂರಿನ ಡಾಕ್ಟರ ಮನೆಯಲ್ಲಿ ಅದನ್ನು ಹೇಳುವುದು ಬೇಡ ಅನ್ನಿಸಿತ್ತು. ಯಾರೂ ಏನೂ ಅಂದಿರಲಿಲ್ಲ. ನನಗೇ ಅನ್ನಿಸಿತ್ತು.

ಅಂಕಲ್ ಇಡೀ ಪೆಟ್ಟಿಗೆಯಲ್ಲಿ ಜೀವ ಇಟ್ಟಿದ್ದದ್ದು ಒಂದರ ಮೇಲೆ. ಒಂದು ಸಾವಿರದ ಎಂಟುನೂರ ಎಂಬತ್ತೊಂಬತ್ತನೇ ಇಸವಿಯ ಡಾಲರ್. ಹಿಂಬದಿಯಲ್ಲಿ ಹದ್ದಿನ ಕೆಳಗೆ ಎರಡು ಪುಟ್ಟ ಸಿ ಅಕ್ಷರಗಳು, ಎಳ್ಳುಕಾಳಿಗಿಂತ ಚಿಕ್ಕವು. ಆ ಅಕ್ಷರವಿದ್ದರೆ ನಾಣ್ಯ ನೆವಾಡದ ಬೆಳ್ಳಿ ಗಣಿಗಳ ಪಕ್ಕದ ಕಾರ್ಸನ್ ಸಿಟಿ ಟಂಕಸಾಲೆಯದು ಎಂದರ್ಥ. ಆ ವರ್ಷ ಅಲ್ಲಿ ಹೊಡೆದದ್ದು ಕಡಿಮೆ, ಉಳಿದದ್ದು ಇನ್ನೂ ಕಡಿಮೆ. ಅಕ್ಷರವಿಲ್ಲದಿದ್ದರೆ ಫಿಲಡೆಲ್ಫಿಯಾದ್ದು, ಬೇಕಾದಷ್ಟು ಸಿಗುತ್ತದೆ.

ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ ಅವರ ಹಾಸ್ಟೆಲ್ ಕಾಲದ ಗೆಳೆಯರಿದ್ದರು, ನಿವೃತ್ತ ಎಂಜಿನಿಯರ್, ಇದೇ ಹುಚ್ಚಿನವರು. ಆ ಗೆಳೆಯರ ಸಂಗ್ರಹದ ಸಾಲಿನಲ್ಲಿ ಇಲ್ಲದ್ದು ಈ ಒಂದೇ ನಾಣ್ಯ. ಹತ್ತು ವರ್ಷದಿಂದ ಕೇಳುತ್ತಿದ್ದರಂತೆ, ಇವರು ಕೊಟ್ಟಿರಲಿಲ್ಲ. ಕಣ್ಣು ಹೋಗತೊಡಗಿದ ಮೇಲೆ ಮನಸ್ಸು ಸಡಿಲಾಯಿತು. ತಾವು ಕೊಂಡ ಬೆಲೆಗೇ ಕೊಡುತ್ತೇನೆ ಎಂದು ಮಾತು ಕೊಟ್ಟರು. ಗೆಳೆಯರು ಕೂಡಲೇ ತಮ್ಮ ನಾಣ್ಯದ ಕ್ಲಬ್ಬಿನಲ್ಲಿ ಎಲ್ಲರ ಮುಂದೆ ಅದನ್ನು ಇಡುವ ದಿನ ಗೊತ್ತು ಮಾಡಿದರು, ದೀಪಾವಳಿ ಕಳೆದು ಎರಡು ವಾರಕ್ಕೆ. ಅಂಕಲ್ ನಾಣ್ಯವನ್ನು ಪೋಸ್ಟಿಗೂ ಒಪ್ಪಿಸರು, ವಿಮಾನಕ್ಕೂ ಒಪ್ಪಿಸರು. ರೈಲಿನಲ್ಲಿ ಹೋಗುವುದು, ಕಣ್ಣಿಗೆ ನಾನು ಜೊತೆಗೆ ಹೋಗುವುದು ಎಂದಾಯಿತು. ನಾನು ಮೆಲ್ಬರ್ನ್ ನೋಡಿರಲಿಲ್ಲ. ಖುಷಿಯಾಗಿದ್ದೆ.

ದೀಪಾವಳಿಯ ಲಕ್ಷ್ಮೀಪೂಜೆಗೆ ಅಂಕಲ್‌ರ ಮೂರು ನಾಣ್ಯ ತಟ್ಟೆಯಲ್ಲಿ ಇಡುವುದು ಆ ಮನೆಯ ಪದ್ಧತಿ. ಎರಡು ಬೆಳ್ಳಿ, ಒಂದು ಇಪ್ಪತ್ತು ಡಾಲರಿನ ಚಿನ್ನದ್ದು. ಆ ಚಿನ್ನದ್ದಕ್ಕೂ ಕಥೆಯಿತ್ತು. ಮೂವತ್ತರ ದಶಕದಲ್ಲಿ ಅಮೆರಿಕದ ಸರ್ಕಾರ ಜನರ ಕೈಯಲ್ಲಿದ್ದ ಚಿನ್ನದ ನಾಣ್ಯಗಳನ್ನೆಲ್ಲ ವಾಪಸು ಕೇಳಿ ಕರಗಿಸಿತ್ತು, ಇದು ಹೇಗೋ ತಪ್ಪಿಸಿಕೊಂಡು ಬಂದದ್ದು. ಡಬ್ಬಿ ಸಮೇತ ಇಡಬೇಕೆಂಬುದು ಅಂಕಲ್‌ರ ಷರತ್ತು. ಆ ವರ್ಷ ಎಂಬತ್ತೊಂಬತ್ತರ ಡಾಲರು ಮನೆ ಬಿಟ್ಟು ಹೋಗುವುದಿತ್ತಲ್ಲ, ಆಂಟಿಗೆ ಮನಸ್ಸು ತಡೆಯಲಿಲ್ಲ. "ಮಗಳನ್ನ ಕಳಿಸ್ಕೊಡೋವಾಗ್ಲೂ ಪ್ಲಾಸ್ಟಿಕ್ ಡಬ್ಬೀಲಿ ಹಾಕಿ ಕಳಿಸ್ತಾರೇನೆ? ಇವತ್ತೊಂದಿನ ತೆಗೆದಿಡು, ಅವರಿಗೆಲ್ಲಿ ಕಾಣ್ಸುತ್ತೆ" ಎಂದು ನನ್ನ ಕೈಗೆ ಕೊಟ್ಟು, ಹೂವು ಹಣ್ಣಿಗೆಂದು ನಮ್ಮವರ ಅಂಗಡಿಗಳಿರುವ ಹ್ಯಾರಿಸ್ ಪಾರ್ಕಿನ ಟ್ರೈನು ಹತ್ತಿದರು. ಅಂಕಲ್ ಮಲಗಿದ್ದರು.

ಸಂಜೆಯ ದೀಪದಲ್ಲಿ, ಡಬ್ಬಿಯೊಳಗಷ್ಟೇ ನೋಡಿದ್ದ ನಾಣ್ಯವನ್ನು ಹೊರತೆಗೆದು ಹಗಲಿನ ಬೆಳಕಿಗೆ ಹಿಡಿದೆ. ಕಪ್ಪು. ಅಂಚಿನಲ್ಲಿ ನೀಲಿ ಬೆರೆತ ಕಪ್ಪು, ನಡುವೆ ಕಂದು. ಇಷ್ಟು ಪ್ರೀತಿಯ ವಸ್ತುವನ್ನು ಇಷ್ಟು ಕೊಳಕಾಗಿ ಇಟ್ಟಿದ್ದಾರಲ್ಲ, ಪಾಪ, ಕಾಣಿಸುವುದಿಲ್ಲವಲ್ಲ ಅನ್ನಿಸಿತು. ಕಳುಹಿಸುವ ಮೊದಲು ನಾನಾದರೂ... ಹೀಗೆ.

ನಾಣ್ಯವನ್ನು ಅಂಚಿನಲ್ಲಿ ಹಿಡಿ ಎಂದು ಅವರು ಹೇಳಿಕೊಟ್ಟಿದ್ದರು. ಅದರ ಮೇಲೆ ಮಾತಾಡಬೇಡ, ಉಗುಳು ಸಿಡಿಯುತ್ತದೆ ಎಂದಿದ್ದರು. ತೊಳೆಯಬಾರದು ಎಂದು ಮಾತ್ರ ಎಂದೂ ಹೇಳಿರಲಿಲ್ಲ. ಊಟಕ್ಕೆ ಕೂತವರಿಗೆ ತಟ್ಟೆ ಕಚ್ಚಬೇಡಿ ಎಂದು ಯಾರೂ ಹೇಳುವುದಿಲ್ಲವಲ್ಲ, ಹಾಗೆ.

ಹುಣಸೆಹಣ್ಣು ಕಿವುಚಿದೆ. ದೇವರ ಮನೆಯಿಂದ ಚಿಟಿಕೆ ವಿಭೂತಿ ತಂದೆ. ಹತ್ತು ನಿಮಿಷ. ಟೀಚರಮ್ಮನ ಮುಖ ಹುಣ್ಣಿಮೆಯ ಹಾಗೆ ಹೊಳೆಯಿತು. ಅಪ್ಪ ನೋಡಿದ್ದರೆ ಹೌದೌದು ಅನ್ನುತ್ತಿದ್ದ ಎಂದು ಹೆಮ್ಮೆಪಟ್ಟುಕೊಂಡು ತಿರುಗಿಸಿ ಹದ್ದಿನ ಕಡೆ ತಿಕ್ಕಿದೆ. ಬೆರಳಿಗೆ ಮರಳಿನ ಕಾಳಿನಂಥದ್ದೇನೋ ತಾಕಿತು. ನೀರಿನಲ್ಲಿ ಜಾಲಾಡಿ ನೋಡಿದೆ. ಎರಡು ಸಿ ಇದ್ದ ಕಡೆ ಒಂದೇ ಇತ್ತು. ಇನ್ನೊಂದು ನನ್ನ ತೋರುಬೆರಳಿನ ತುದಿಯಲ್ಲಿ ಅಂಟಿಕೊಂಡಿತ್ತು.

ಭೂಮಿ ಬಾಯಿಬಿಡಬಾರದೇ ಅನ್ನುತ್ತಾರಲ್ಲ, ನಾನಿದ್ದದ್ದು ಮೂರನೇ ಮಹಡಿ. ಆ ಅಕ್ಷರವನ್ನು ಟಿಶ್ಯೂ ಪೇಪರಿನಲ್ಲಿ ಸುತ್ತಿ ಪರ್ಸಿನಲ್ಲಿಟ್ಟೆ. ಪೂಜೆ ಆಯಿತು. ತಟ್ಟೆಯ ಹೂವಿನ ನಡುವೆ ಡಾಲರು ಥಳಥಳ ಎನ್ನುತ್ತಿತ್ತು. ಆಂಟಿ ಎಷ್ಟು ಲಕ್ಷಣವಾಗಿದ್ದಾಳೆ ನೋಡಿ ಎಂದರು, ಅಂಕಲ್ ಮಂಜು ಕವಿದ ಕಣ್ಣಿನಿಂದ ಅತ್ತ ನೋಡಿ ನಕ್ಕರು. ನಾನೇ ಅದನ್ನು ಮತ್ತೆ ಡಬ್ಬಿಗೆ ಹಾಕಿದೆ.

ಆಮೇಲಿನ ಎರಡು ವಾರ ನಾನು ಹೇಗೆ ಪರೀಕ್ಷೆ ಬರೆದೆನೋ ಗೊತ್ತಿಲ್ಲ. ಸಂಜೆಯಾದರೆ ಅವರು ಆ ಡಬ್ಬಿಯನ್ನೇ ಕೊಟ್ಟು, ನಮ್ಮ ಹುಡುಗಿ ಹೇಗಿದ್ದಾಳೆ ಎನ್ನುವರು. ಹಾಗೇ ಇದ್ದಾಳೆ ಅಂಕಲ್ ಎನ್ನುವೆ. ಅಂಚಿನ ನೀಲಿ? ಇದೆ. ಅಕ್ಷರ? ಇದೆ. ಕಾಣದವರಿಗೆ ಕಣ್ಣಾಗಿ ನಿಂತು ಸುಳ್ಳು ಹೇಳುವುದಿದೆಯಲ್ಲ... ನಾನು ಅದಕ್ಕಿಂತ ಕೀಳಾದ ಕೆಲಸ ಅದಕ್ಕೆ ಮೊದಲೂ ಮಾಡಿಲ್ಲ, ಆಮೇಲೂ ಮಾಡಿಲ್ಲ. ಹೇಳಿದರೆ ರೂಮು ಹೋಗುತ್ತದೆ ಎಂಬ ಭಯ ಒಂದು ಕಡೆ. ಅದಕ್ಕಿಂತ ದೊಡ್ಡ ಭಯ, ಹೀಗೆ ತಿಕ್ಕುವುದನ್ನು ಎಲ್ಲಿ ಕಲಿತೆ ಎಂದು ಅವರು ಕೇಳಿದರೆ?

ಬೆಳಗಿನ ರೈಲು ಹತ್ತಿದೆವು. ಹನ್ನೊಂದು ಗಂಟೆಯ ಪಯಣ. ಗೌಲ್ಬರ್ನ್ ದಾಟುವವರೆಗೂ ಅಂಕಲ್ ಉಪ್ಪಿಟ್ಟು ತಿನ್ನುತ್ತ ನನಗೆ ಬೆಳ್ಳಿಯ ಕಥೆ ಹೇಳಿದರು. ಮೊದಲ ಮಹಾಯುದ್ಧದ ಹೊತ್ತಿಗೆ ನಮ್ಮ ದೇಶದಲ್ಲಿ ರೂಪಾಯಿಗೆ ಬೆಳ್ಳಿ ಸಾಲದೆ ಹೋಯಿತಂತೆ. ಆಗ ಅಮೆರಿಕದವರು ತಿಜೋರಿಯಲ್ಲಿದ್ದ ಈ ಡಾಲರುಗಳನ್ನು ಕೋಟಿಗಟ್ಟಲೆ ಕರಗಿಸಿ, ಗಟ್ಟಿ ಮಾಡಿ, ಬ್ರಿಟಿಷರಿಗೆ ಮಾರಿದರು. ಅದು ಹಡಗೇರಿ ಬಂದು ನಮ್ಮ ಟಂಕಸಾಲೆಗಳಲ್ಲಿ ರಾಜನ ತಲೆಯ ರೂಪಾಯಿಯಾಯಿತು. ನಮ್ಮಜ್ಜಿಯ ಕೊರಳಲ್ಲಿ ಅಂಥ ರೂಪಾಯಿಯ ಸರವಿತ್ತು ಎಂದು ನನ್ನ ಬಾಯಿಂದ ತಾನಾಗಿ ಬಂತು. "ನೋಡು, ಇವಳ ಅಕ್ಕತಂಗೀರು ಆಗ್ಲೇ ನಿಮ್ಮನೆಗೆ ಸೊಸೆಯಾಗಿ ಬಂದಾಗಿದೆ" ಎಂದು ನಕ್ಕು, ಜೇಬಿನಿಂದ ಡಬ್ಬಿ ತೆಗೆದು ನನ್ನ ಅಂಗೈಯಲ್ಲಿಟ್ಟರು. ಇವತ್ತು ಸಂಜೆಗೆ ಇವಳು ನಮ್ಮವಳಲ್ಲ, ಕೊನೇ ಸಲ ಪೂರ್ತಿ ಹೇಳು, ಕೇಳ್ತೀನಿ ಎಂದು ಕಣ್ಣು ಮುಚ್ಚಿಕೊಂಡರು.

ಕಿಟಕಿಯಾಚೆ ಒಣಹುಲ್ಲಿನ ಗುಡ್ಡ, ಕುರಿಗಳು. ಅವರ ಮುಚ್ಚಿದ ರೆಪ್ಪೆಗಳು ನನ್ನನ್ನು ನಂಬಿ ಕೂತಿದ್ದವು. ನನ್ನ ಕೈಲಾಗಲಿಲ್ಲ. ಬೆಂಗಳೂರಿನಲ್ಲಿ ಕಷ್ಟಪಟ್ಟು ತಿದ್ದಿಕೊಂಡ ಮಾತೆಲ್ಲ ಬಿದ್ದುಹೋಗಿ ಗದಗು ಬಾಯಿಗೆ ಬಂತು.

"ಅಂಕಲ್, ನಾ ತಪ್ಪು ಮಾಡೀನ್ರಿ. ಅದನ್ನ ಹುಣಸೆಹಣ್ಣು ಹಚ್ಚಿ ತಿಕ್ಕೀನಿ. ಅಕ್ಷರ ಕಿತ್ತು ಬಂದೈತ್ರಿ. ನಮ್ಮಪ್ಪಂದು ಪಾತ್ರೆ ವ್ಯಾಪಾರ ಅಲ್ರಿ, ಕಲಾಯಿ ಹಾಕ್ತಾನ್ರಿ."

ಮೂರನ್ನೂ ಒಂದೇ ಉಸಿರಿಗೆ ಯಾಕೆ ಹೇಳಿದೆನೋ. ಪರ್ಸಿನಿಂದ ಟಿಶ್ಯೂ ತೆಗೆದು ಅವರ ಬೆರಳಿಗೆ ಮುಟ್ಟಿಸಿದೆ.

ಅವರು ಅದನ್ನು ಬೆರಳ ತುದಿಯಲ್ಲಿ ಉರುಳಿಸುತ್ತ ಕೂತರು. ರೈಲು ಒಂದು ಸಣ್ಣ ಸ್ಟೇಷನ್ನಿನಲ್ಲಿ ನಿಂತು ಹೊರಟಿತು. ಆಮೇಲೆ ಕಣ್ಣು ತೆರೆಯದೆಯೇ, ಕ್ಲಿನಿಕ್ಕಿನಲ್ಲಿ ರೋಗಿಯನ್ನು ಕೇಳುತ್ತಿದ್ದ ಧ್ವನಿಯಿರಬೇಕು ಅದು, ಅಕ್ಷರ ಬಿದ್ದ ಜಾಗದಲ್ಲಿ ಗುಳಿ ಇದೆಯಾ ಎಂದು ಕೇಳಿದರು. ಡಬ್ಬಿ ಬಿಚ್ಚಿ, ಭೂತಗನ್ನಡಿ ಹಿಡಿದು ನೋಡಿದೆ. ಇರಲಿಲ್ಲ. ನುಣ್ಣಗಿತ್ತು. ಸುಳ್ಳು ಹೇಳಬೇಡ, ಸರಿಯಾಗಿ ನೋಡು ಎಂದರು. ಗುಳಿಯಿಲ್ಲ ಅಂಕಲ್, ಕಂದುಬಣ್ಣದ ಅಂಟಿನ ಹಾಗೇನೋ ಇದೆ ಎಂದೆ. ಬಾಗಿದ ಕಡ್ಡಿಯನ್ನು ಜೇಬಿನಿಂದ ತೆಗೆದು, ಉಳಿದ ಒಂದು ಸಿ ಎಲ್ಲಿದೆ ಎಂದು ನನ್ನ ಬೆರಳಿನಿಂದ ತೋರಿಸಿಕೊಂಡು, ಅದರ ಬುಡಕ್ಕೆ ಮೊನೆ ಕೊಟ್ಟು ಮೆಲ್ಲಗೆ ಮೀಟಿದರು. ಅದೂ ಟಕ್ಕನೆ ಎದ್ದು ಬಂತು.

ನಾಣ್ಯವನ್ನು ಅಚ್ಚಿನಲ್ಲಿ ಹೊಡೆಯುವಾಗ ಅಕ್ಷರವೂ ಅದೇ ಬೆಳ್ಳಿಯಿಂದ ಏಳುತ್ತದೆ. ಅದು ನಾಣ್ಯದ ಮೈಯೇ. ತಿಕ್ಕಿದರೆ ಸವೆಯಬಹುದು, ಕಳಚಿ ಬರಲಾರದು. ಕಳಚಿ ಬಂದಿತೆಂದರೆ ಯಾರೋ ಫಿಲಡೆಲ್ಫಿಯಾದ ಮಾಮೂಲಿ ಡಾಲರಿಗೆ ಎರಡು ಸಿ ಮಾಡಿ ಅಂಟಿಸಿದ್ದಾರೆ. ಇದನ್ನು ಅವರು ನನಗೆ ಬಿಡಿಸಿ ಹೇಳುವ ಹೊತ್ತಿಗೆ ಭುಜ ಕುಲುಕತೊಡಗಿತ್ತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು.

"ಕಟ್ಟಿಸ್ಕೊಂಡ ಹಲ್ಲು ಕಣಮ್ಮ ಇದು. ಮೂವತ್ತು ವರ್ಷ ಊರೋರಿಗೆಲ್ಲ ಕಟ್ಟು ಹಲ್ಲು ಕೂರ್ಸಿದೀನಿ, ನನಗೇ ಒಬ್ಬ ಕೂರ್ಸಿಬಿಟ್ಟಿದಾನೆ ನೋಡು."

ನಗು ನಿಂತ ಮೇಲೆ ಅವರು ನಿಜವಾಗಿ ಬೆವರಿದರು. ನಾಳೆ ಕ್ಲಬ್ಬಿನಲ್ಲಿ ಹತ್ತು ಜನ ಬಲ್ಲವರು ಭೂತಗನ್ನಡಿ ಹಿಡಿಯುತ್ತಿದ್ದರು. ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯ ಎಲ್ಲರ ಮುಂದೆ ಸುಳ್ಳು ನಾಣ್ಯ ಇಟ್ಟವನಾಗುತ್ತಿದ್ದ, ಇವರು ಅದನ್ನು ದಾಟಿಸಿದವರಾಗುತ್ತಿದ್ದರು. ನನ್ನ ಕೈಯನ್ನು ಹಿಡಿದುಕೊಂಡು, "ನೀನು ತೊಳೆದಿದ್ದು ನಾಣ್ಯ ಅಲ್ಲ, ನನ್ನ ಮುಖ" ಎಂದರು. ಹಾಗಂತ ಇನ್ನೊಂದು ನಾಣ್ಯ ಮುಟ್ಟಿದರೆ ಕೈ ಮುರೀತೀನಿ ಎಂದೂ ಸೇರಿಸಿದರು. ನೂರು ವರ್ಷದ ಗಾಳಿ ಬೆಳ್ಳಿಗೆ ಹಚ್ಚಿದ ಬಣ್ಣ ಅದು, ಅದನ್ನು ತೆಗೆದರೆ ನಾಣ್ಯ ಸತ್ತ ಹಾಗೆ ಎಂದು ಆಲ್ಬರಿ ಸ್ಟೇಷನ್ ಬರುವವರೆಗೂ ಬೈದರು. ಆ ಬೈಗುಳದಲ್ಲಿ ಆದಷ್ಟು ಹಗುರ ನಾನು ಯಾವ ಹೊಗಳಿಕೆಯಲ್ಲೂ ಆಗಿಲ್ಲ.

ಕ್ರಾನ್‌ಬರ್ನ್‌ನ ಗೆಳೆಯರು ಸ್ಟೇಷನ್ನಿಗೆ ಕಾರು ತಂದಿದ್ದರು. ಪಾರ್ಕಿಂಗಿನಲ್ಲೇ ವಿಷಯ ತಿಳಿಸಿದಾಗ ಅವರ ಮುಖ ಸಣ್ಣದಾಯಿತು. ಹತ್ತು ವರ್ಷದ ಆಸೆ, ಪಾಪ. ಎರಡು ಸಿಗ್ನಲ್ ದಾಟಿದ ಮೇಲೆ, "ಹಲ್ಲಿನ ಡಾಕ್ಟ್ರನ್ನ ನಂಬಿ ಬಾಯಿ ಬಿಟ್ಟಿದ್ದೆ, ಇವಳು ಉಳಿಸಿದಳು" ಎಂದರು. ಮನೆಯಲ್ಲಿ ಅಂಕಲ್ ನನ್ನನ್ನು ಪರಿಚಯ ಮಾಡಿಕೊಟ್ಟ ರೀತಿ ನನಗೆ ಇನ್ನೂ ಕಿವಿಯಲ್ಲಿದೆ. ಗಣಿತದ ಟೀಚರಾಗ್ತಾಳೆ, ಇವಳ ತಂದೆ ಕಲಾಯಿ ಕೆಲಸದವರು, ಲೋಹ ಗೊತ್ತಿರೋ ಮನೆ ಎಂದರು. ಅಷ್ಟೇ. ಅವರು ಹೇಳಿದ ಮೇಲೆ ಅದು ಎಷ್ಟು ಸಲೀಸಾದ ಮಾತು ಎಂದು ನನಗೂ ಗೊತ್ತಾಯಿತು.

ಎಪ್ಪಿಂಗ್‌ಗೆ ವಾಪಸು ಬಂದು ಆಂಟಿಗೆ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಪಾತ್ರೆ ಮಾರೋರ ಮಕ್ಕಳು ಹಾಗೆ ಪಾತ್ರೆ ತೊಳೆಯಲ್ಲ, ಮೊದಲ ವಾರವೇ ಅಂದ್ಕೊಂಡೆ ಎಂದರು. ಅಪ್ಪನಿಗೆ ಫೋನ್ ಮಾಡಿ ಇಡೀ ಕಥೆ ಹೇಳಿದೆ. ಅವನು ಎಲ್ಲ ಕೇಳಿ, ಬೆಳ್ಳಿಗೆ ಬೂದಿ ಹಚ್ಚಬಾರದು, ಗೀರು ಬೀಳತಾವ ಅಂತ ಎಷ್ಟು ಸಲ ಹೇಳಿದ್ದೆ ಎಂದು ರೇಗಿದ. ನನ್ನ ಡಿಗ್ರಿಗಳ ಬಗ್ಗೆ ಅವನಿಗೆ ಎಂದೂ ಇಲ್ಲದ ಅಧಿಕಾರ ಆ ಮಾತಿನಲ್ಲಿತ್ತು.

ಡಿಸೆಂಬರಿನಲ್ಲಿ ಅಂಕಲ್‌ರ ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಧ್ವನಿ ಕೇಳಿ ಇನ್ನೂ ಎತ್ತರ ಇದ್ದೀಯ ಅಂದ್ಕೊಂಡಿದ್ದೆ ಎಂದರು. ಆಮೇಲೆ ಪೆಟ್ಟಿಗೆ ತರಿಸಿ ಆ ಡಾಲರನ್ನು ಹೊರಗೆ ತೆಗೆದು ನೋಡಿದರು, ಹೊಳೆಯುವ ಮುಖ, ಬೋಳು ಜಾಗ. ತಲೆಯಾಡಿಸಿದರು. ಮರುವರ್ಷ ನನ್ನ ಕಾನ್ವೊಕೇಷನ್ನಿಗೆ ಅಪ್ಪ ಅಮ್ಮ ಬರಲಾಗಲಿಲ್ಲ. ತಂದೆತಾಯಿಗಳ ಸಾಲಿನಲ್ಲಿ ಇವರಿಬ್ಬರು ಕೂತಿದ್ದರು. ಫೋಟೋ ತೆಗೆಸಿಕೊಂಡ ಮೇಲೆ ಅಂಕಲ್ ನನ್ನ ಕೈಯಲ್ಲಿ ಡಬ್ಬಿ ಇಟ್ಟರು. ಯಾರೂ ಕೊಳ್ಳದ ನಾಣ್ಯ, ಒಬ್ಬ ಟೀಚರಿಂದ ಇನ್ನೊಬ್ಬ ಟೀಚರಿಗೆ ಎಂದರು. ಇನ್ನು ನೂರು ವರ್ಷ ಮುಟ್ಟದೇ ಇಟ್ಟರೆ ಬಣ್ಣ ಬರುತ್ತೆ, ಕಾಯ್ತಾ ಇರು, ಅಂದರು.

ನನಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿತು. ಕ್ರಾನ್‌ಬರ್ನ್‌ನಲ್ಲೇ ಮನೆ ಮಾಡಿದೆ, ನಾನಿದ್ದ ಹಾಗೆ ನನ್ನನ್ನು ಮೊದಲು ಸೇರಿಸಿಕೊಂಡ ಊರು ಅಂತ ಇರಬೇಕು. ಅಂಕಲ್ ತಿಂಗಳಿಗೊಮ್ಮೆ ಫೋನ್ ಮಾಡಿ, ನಮ್ಮ ಹುಡುಗಿ ಹೇಗಿದ್ದಾಳೆ ಎಂದು ಕೇಳುತ್ತಿದ್ದರು. ನಾನು ಡಬ್ಬಿ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ. ಮೂರನೇ ಚಳಿಗಾಲದಲ್ಲಿ ಒಂದು ತಿಂಗಳು ಫೋನ್ ಬರಲಿಲ್ಲ. ನಾನು ಮಾಡಬೇಕಿತ್ತು. ಟರ್ಮ್ ಪರೀಕ್ಷೆ, ಪೇಪರ್ ತಿದ್ದುವುದು... ಬಂದದ್ದು ಆಂಟಿಯ ಫೋನ್.

ಮೊನ್ನೆ ಬಟ್ಟಲು ಒರೆಸಿಟ್ಟು, ಕೈ ಚೆನ್ನಾಗಿ ತೊಳೆದು ಒಣಗಿಸಿಕೊಂಡು, ಆ ಡಬ್ಬಿಯನ್ನು ತೆಗೆದೆ. ಹಿಂಬದಿಯಲ್ಲಿ ನನ್ನ ವಿಭೂತಿಯ ಗೀರುಗಳು ಈಗಲೂ ಕಾಣುತ್ತವೆ. ಟೀಚರಮ್ಮನ ಕೆನ್ನೆ ಇನ್ನೂ ಬೆಳ್ಳಗೇ ಇದೆ. ಆದರೆ ಅಂಚಿನಲ್ಲಿ, ಇಸವಿಯ ಒಂಬತ್ತರ ಪಕ್ಕದಲ್ಲಿ, ಗೋಧಿಕಾಳಿನಷ್ಟು ಜಾಗದಲ್ಲಿ ತೆಳ್ಳಗೆ ಕಂದು ಕೂಡಿಕೊಂಡಿತ್ತು. ಓರೆ ಮಾಡಿ ಹಿಡಿದರೆ ಅದರೊಳಗೆ ಒಂದಿಷ್ಟು ನೀಲಿ.

ಅಂಕಲ್, ನೀಲಿ ಬರ್ತಾ ಇದೆ ಎಂದೆ. ಯಾವ ಫೋನಿಗೂ ಅಲ್ಲ, ಸುಮ್ಮನೆ ಕಿಟಕಿಗೆ. ಉಗುಳು ಸಿಡಿಯದ ಹಾಗೆ ಮುಖ ಆ ಕಡೆ ತಿರುಗಿಸಿಕೊಂಡು.